ಮುಕ್ಕಾಲಿಂಚು ಉಳಿ

ಉಳಿ ಮತ್ತೆ ಜಾಗ ಬದಲಿಸಿತ್ತು.

ಕೊಯ್ಲಿನ ಕಾಲ. ಹಿಡಿ ಹಾಕಿಸಿಕೊಳ್ಳಲು ಬಂದ ಕುಡುಗೋಲುಗಳು ಕೆಲಸದ ಕೋಣೆಯ ಹೊಸ್ತಿಲವರೆಗೂ ಬಿದ್ದಿದ್ದವು. ಅಕ್ಕ ಸಾಕಿದ ಜೇನುಹುಳಗಳಿಗೂ ಈಗ ಬಡಗಿಗಿದ್ದಷ್ಟು ಕೆಲಸವಿರಲಿಲ್ಲ. ಅವನು ಮುಕ್ಕಾಲಿಂಚು ಉಳಿಗೆಂದು ಗೋಡೆಯ ಗೂಡಿಗೆ ಕೈ ಹಾಕಿದ. ಅದು ಅಲ್ಲಿರಲಿಲ್ಲ, ಹಿತ್ತಲ ಕಿಟಕಿಯ ಮೇಲಿತ್ತು. ನಿನ್ನೆ ಸಂಜೆ ಒರೆಸಿ ಗೂಡಿನಲ್ಲಿಟ್ಟದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಭಯವಾದದ್ದು ಅದಕ್ಕೇ.

ಯಾರೋ ನನ್ನ ಸಾಮಾನು ಮುಟ್ಟುತ್ತಿದ್ದಾರೆ. ಅವನ ಕಾಯಿಲೆ ಶುರುವಾದದ್ದೇ ಈ ಮಾತಿನಿಂದ. ಸ್ಕಿಜೋಫ್ರೀನಿಯಾ ಎಂಬ ಹೆಸರು ಆಮೇಲೆ ಬಂತು. ಆ ಹೆಸರು ನಾಲಿಗೆಗೆ ಹೊಂದುವಷ್ಟರಲ್ಲಿ ತನಗೆ ಅರ್ಧ ಗುಣವಾಗಿತ್ತು ಎಂದು ಅವನೇ ನಗೆಯಾಡುತ್ತಿದ್ದ.

ಮಾತ್ರೆಯೇನೋ ಅನುಮಾನವನ್ನು ಓಡಿಸಿತು. ಅದರ ಹಿಂದೆಯೇ ನೆನಪೂ ಗಂಟುಮೂಟೆ ಕಟ್ಟಿತು. ಅಳತೆ ತೆಗೆದು ಗರಗಸ ಎತ್ತಿಕೊಳ್ಳುವಷ್ಟರಲ್ಲಿ ಅಳತೆ ಮಾಯ. ಒಮ್ಮೆ ಮೂರು ಕಾಲಿನ ಮಂಚವನ್ನು ಗಿರಾಕಿಗೆ ಹೆಮ್ಮೆಯಿಂದ ಒಪ್ಪಿಸಿದ್ದ. ಉಳಿಯಂತೂ ಹೊತ್ತಿಗೊಮ್ಮೆ ಕಳೆಯುತ್ತಿತ್ತು. ತಲೆ ಕತ್ತಿಗೆ ಅಂಟಿಕೊಂಡಿರುವುದೇ ಪುಣ್ಯ ಎಂದು ಬೈಯುತ್ತ ಅಕ್ಕನೇ ಹುಡುಕಿ ತಂದುಕೊಡುತ್ತಿದ್ದಳು. ಅವಳ ಋಣ ಯಾವ ಜನ್ಮಕ್ಕೆ ತೀರೀತು ಎಂದು ಅವನು ನೊಂದುಕೊಳ್ಳುತ್ತಿದ್ದ.

ಅದೇ ಮಾತ್ರೆ ನುಂಗುವ ಅಂಚೆಯವನಿಗೆ ಊರಿನ ವಿಳಾಸಗಳೆಲ್ಲ ಬಾಯಿಪಾಠ. ತನಗೊಬ್ಬನಿಗೇ ಯಾಕೆ ಹೀಗೆ ಎಂದು ಕೇಳಿದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಇವನ ಮೈ ಆ ಮಾತ್ರೆಯನ್ನು ತೀರ ನಿಧಾನವಾಗಿ ಕರಗಿಸುತ್ತದಂತೆ. ಅದು ಒಳಗೇ ಸೇರಿಕೊಳ್ಳುತ್ತ ಹೋಗಿ ತಲೆಗೆ ಮಂಕು ಕವಿಸಿದೆಯಂತೆ. ಹೆತ್ತವರಿಂದ ಹುಟ್ಟಿನಲ್ಲೇ ಬಂದ ಗುಣ.

"ಅಪ್ಪ ಏನೂ ಬಿಟ್ಟುಹೋಗಲಿಲ್ಲ ಅಂತ ಇಷ್ಟು ದಿನ ಸುಮ್ಮನೆ ಬೈಕೊಂಡೆ ಸಾರ್" ಎಂದಿದ್ದ ಬಡಗಿ.

ಡಾಕ್ಟರು ಮಾತ್ರೆ ಬದಲಾಯಿಸಿದರು. ಹಳೆಯ ಅನುಮಾನ ತಲೆಯೆತ್ತಿದರೆ ಕೂಡಲೇ ಹೇಳಬೇಕು, ಹಳೆಯ ಮಾತ್ರೆಗೇ ಮರಳಬೇಕಾದೀತು ಎಂದಿದ್ದರು.

ಈಗ ಮಂಚಗಳು ನಾಲ್ಕು ಕಾಲಿನ ಮೇಲೆ ನಿಲ್ಲುತ್ತಿದ್ದವು. ಉಳಿ ಮಾತ್ರ ಓಡಾಡುತ್ತಿತ್ತು.

ಅವನು ಅದನ್ನು ಮೂಗಿಗೆ ಹಿಡಿದ. ಸಿಹಿ ವಾಸನೆ. ಇಲ್ಲದ ವಾಸನೆ ಬರುತ್ತದೆಯೇ ಎಂದು ಡಾಕ್ಟರು ಪ್ರತಿಸಲ ಕೇಳುತ್ತಿದ್ದರು. ಅಲಗಿನ ಮೇಲೆ ಇರುವೆ ಸಾಲು. ಇಲ್ಲದ್ದು ಕಾಣುತ್ತದೆಯೇ ಎಂದೂ ಕೇಳುತ್ತಿದ್ದರು. ಜೀವಮಾನದಲ್ಲಿ ತಾನು ಒಂದು ಪ್ರಶ್ನೆಯೂ ಬಿಡದೆ ಪಾಸಾದ ಪರೀಕ್ಷೆ ಇದೊಂದೇ ಎಂದುಕೊಂಡ.

ಬಾಯಿ ಮುಚ್ಚಿಕೊಂಡರೆ ಕಸುಬು ಕೈಯಲ್ಲಿರುತ್ತದೆ. ಕಾಯಿಲೆ ಬಲಿತರೆ ತಾನೇ ತನ್ನ ಕೈಯಲ್ಲಿರುವುದಿಲ್ಲ. ಅವನು ಎದ್ದು ಅಡುಗೆಮನೆಗೆ ಹೋಗಿ ಉಳಿಯನ್ನು ಅಕ್ಕನ ಮುಂದಿಟ್ಟ.

"ನಾಳೆ ಡಾಕ್ಟರ ಹತ್ರ ಹೋಗೋಣ ಅಕ್ಕ. ಹಳೇದು ತಿರುಗಿ ಬಂದಿದೆ. ಯಾರೋ ನನ್ನ ಉಳಿ ತಗೊಂಡು ಹೋಗ್ತಿದಾರೆ ಅನ್ನಿಸ್ತಿದೆ. ಸಿಹಿ ವಾಸನೆ ಬೇರೆ. ಇರುವೆನೂ ಕಾಣ್ತಿದೆ."

ಅಕ್ಕ ಉಳಿಯನ್ನು ನೋಡಿದಳು. ಅವನನ್ನು ನೋಡಿದಳು. ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಜೇನುಪೆಟ್ಟಿಗೆ ಮುಚ್ಚಳ ಮೀಟಿ ತೆಗೆಯೋದಕ್ಕೆ ಇದೇ ಸಲೀಸು ಕಣೋ. ಹಳೇ ಮಾತ್ರೆ ಕಾಲದಲ್ಲೂ ನಾನೇ ತಗೊಂಡು ಹೋಗಿ, ನಾನೇ ಹುಡುಕಿ ಕೊಡ್ತಿದ್ದೆ. ನೀನು ಕೇಳಿದ್ದು ಇವತ್ತೇ ಮೊದಲು."