ಬಾಕ್ಸ್ ಗ್ರೂಪಿಗೆ ಬಿದ್ದ ಅಲಿ

ವಾಯ್ಸ್ ಮೆಸೇಜು ಕಳಿಸಿ, ಗೆದ್ದವನ ಗತ್ತಿನಲ್ಲಿ ಚಹಾದ ಲೋಟಕ್ಕೆ ಕೈ ಹಾಕಿದ ಮೇಲೆಯೇ ಗುರುವನ ಕಣ್ಣಿಗೆ ಬಿತ್ತು: ಮೆಸೇಜು ಹೋದದ್ದು 'ಬಾಕ್ಸಿಂಗ್' ಗ್ರೂಪಿಗಲ್ಲ, 'ಬಾಕ್ಸ್' ಗ್ರೂಪಿಗೆ. ಕೊಲ್ಲಿ ನಾಡಿನ ರುಸೈಲಿನ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವವನ ಫೋನಿನಲ್ಲಿ ಈ ಎರಡು ಹೆಸರು ಒಂದರ ಕೆಳಗೊಂದು ಕೂತಿರುವುದೇ ಅಪಾಯ. ಒಂದರಲ್ಲಿ ಹೆವಿವೇಟ್ ಹುಚ್ಚಿನ ಕೆಲವು ಗೆಳೆಯರು. ಇನ್ನೊಂದರಲ್ಲಿ ಇಡೀ ಕಂಪನಿ, ಮಾಲೀಕರೂ ಸೇರಿದಂತೆ.

ಅಳಿಸಲು ಹೋದ. ಗಾಬರಿಯಲ್ಲಿ ಬೆರಳು 'ನನಗೆ ಮಾತ್ರ ಅಳಿಸು' ಎಂಬಲ್ಲಿ ಒತ್ತಿತು. ಈಗ ಅದು ಗುರುವನೊಬ್ಬನನ್ನು ಬಿಟ್ಟು ಉಳಿದವರೆಲ್ಲರ ಫೋನಿನಲ್ಲಿ ಸುಖವಾಗಿತ್ತು.

ಪಕ್ಕದ ಟೇಬಲಿನ ಅಕೌಂಟೆಂಟ್ ಜೂಲಿಯನ್ ಆಗಲೇ ಫೋನನ್ನು ಕಿವಿಗೆ ಹಿಡಿದಿದ್ದ. ಮುಹಮ್ಮದ್ ಅಲಿಯ ಮುಂದೆ ಈಗಿನ ಬಾಕ್ಸರುಗಳೆಲ್ಲ ಬರೀ ಮಾಂಸದ ಮುದ್ದೆ ಎಂಬುದು ಜೂಲಿಯನ್ನನ ವಾದ. ಈಗಿನವರ ಎತ್ತರ, ತೂಕ, ತರಬೇತಿಯ ಎದುರು ಹಳಬರು ಉಳಿಯುವುದಿಲ್ಲ ಎಂಬುದು ಗುರುವನ ವಾದ. ಬಾಕ್ಸಿಂಗ್ ಗ್ರೂಪಿನಲ್ಲಿ ಪೇಶಾವರದ ಡ್ರೈವರುಗಳೂ ಇದ್ದುದರಿಂದ ಜಗಳವೆಲ್ಲ ಹಿಂದಿಯಲ್ಲಿ. ಫೋನಿನಿಂದ ಗುರುವನದೇ ದನಿ ಹೊರಬಂತು: "ಅಲಿ ತನ್ನ ಕಾಲಕ್ಕೆ ರಾಜ, ಒಪ್ಪಿದೆ. ಈಗ ತಂದು ನಿಲ್ಲಿಸಿದರೆ ಏನೂ ನಡೆಯುವುದಿಲ್ಲ. ಈಗಿನ ಹುಡುಗರ ಮುಂದೆ ಅವನದ್ದು ಬರೀ ಬಾಯಿ. ಖಲಾಸ್."

"ಮಾರಾಯ, ಎಲ್ಲಾದರೂ ಒಂದು ಕಡೆ ಗ್ಲೌಸ್ ಅಂತಾದರೂ ಹೇಳಬಾರದಿತ್ತಾ ನಿಂಗೆ?" ಎಂದ ಜೂಲಿಯನ್.

"ಎಂಥ ಮಾಡುವುದು ಈಗ?"

"ಎಂಥ ಮಾಡುವುದು, ಮಂಗಳೂರಿನ ಟಿಕೆಟ್ ನೋಡುವುದು."

ತಮಾಷೆಗೆ ಹೇಳಿದ್ದಾದರೂ ಇಬ್ಬರಿಗೂ ನಗು ಬರಲಿಲ್ಲ. ಯಾಕೆಂದರೆ ಮಾಲೀಕರ ಹೆಸರೂ ಅಲಿ. ಈ ಕಾರ್ಖಾನೆಯನ್ನು ಒಂದು ಶೆಡ್ಡಿನಿಂದ ಕಟ್ಟಿ ಬೆಳೆಸಿದ ಮುದುಕರು, ಹೋದ ತಿಂಗಳಷ್ಟೇ ಎಲ್ಲವನ್ನೂ ಮಗ ಹೈತಮನ ಕೈಗೆ ಕೊಟ್ಟು ಕಿಟಕಿ ಬದಿಯ ಕೋಣೆಗೆ ಸರಿದಿದ್ದರು. ಮಗ ಅತ್ತ ತಲೆ ಹಾಕುತ್ತಿರಲಿಲ್ಲ. ಮುಂಬಯಿ ವ್ಯಾಪಾರದಲ್ಲಿ ಪಳಗಿದ ಅಲಿ ಸಾಹೇಬರ ಹಿಂದಿ ಗುರುವನ ಹಿಂದಿಗಿಂತ ಚೆನ್ನಾಗಿತ್ತು. ಇತ್ತ ಗುರುವನ ವೀಸಾ ಇದೇ ತಿಂಗಳು ನವೀಕರಣವಾಗಬೇಕು. ಮಗಳು ಸುಪ್ರೀತಾ ಇಲ್ಲೇ ಹನ್ನೆರಡನೇ ಕ್ಲಾಸಿನಲ್ಲಿದ್ದಾಳೆ, ವರ್ಷದ ನಡುವೆ ಅವಳನ್ನು ಎಬ್ಬಿಸಿಕೊಂಡು ಊರಿಗೆ ಹೋಗುವುದಾದರೂ ಹೇಗೆ?

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಸಾಹೇಬರಿಂದ ಕರೆ ಬಂತು. ಹೋಗುವಾಗ ಕಾರಿಡಾರಿನಲ್ಲಿ ಹೈತಮ್ ಎದುರಾದ. ಸಲಾಂ ಹೇಳಿದರೆ ಅವನು ತುಟಿ ಬಿಚ್ಚಲಿಲ್ಲ. ಗುರುವನ ಅರ್ಧ ಜೀವ ಅಲ್ಲೇ ಹೋಯಿತು.

ಸಾಹೇಬರು ಖರ್ಜೂರದ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. "ಕೂರು. ನಿನ್ನ ಮಾತು ಕೇಳಿದೆ."

"ಸಾಹೇಬರೇ, ಅದು ನೀವಲ್ಲ. ದೇವರಾಣೆ ನೀವಲ್ಲ. ಅದು ಬಾಕ್ಸರ್..."

"ಗೊತ್ತು. ಲಂಚ್ ರೂಮಿನಲ್ಲಿ ನಿಮ್ಮ ಗಲಾಟೆ ಕೇಳಿಸದೆ ಇರುತ್ತದೆಯೇ?" ಎಂದರು ಸಾಹೇಬರು. "ಆದರೆ ನಿನ್ನ ಲೆಕ್ಕ ತಪ್ಪು. ಈಗಿನವರು ಹನ್ನೆರಡು ರೌಂಡಿಗೆ ಬೆವರು ಒರೆಸಿಕೊಳ್ಳುತ್ತಾರೆ. ಅವನ ಕಾಲದಲ್ಲಿ ಹದಿನೈದು. ಕಿನ್ಶಾಸಾದ ಪಂದ್ಯದಲ್ಲಿ ಹಗ್ಗಕ್ಕೆ ಒರಗಿ ಏಟು ತಿಂದನಲ್ಲ, ಅವನ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಅವನು ಕಾಯುತ್ತಿದ್ದ ಅಷ್ಟೆ. ಕೊನೆಗೆ ಗೆದ್ದವನು ಅವನೇ."

ಗುರುವನಿಗೆ ಉಸಿರು ಮರಳಿ ಬಂತು. ಬೆನ್ನಿಗೆ ಅಂಟಿದ್ದ ಅಂಗಿ ತಣ್ಣಗಾಯಿತು. ಅಲಿಯೇ ದೊಡ್ಡವನು, ಎಂದೆಂದಿಗೂ ಅಲಿಯೇ ಎಂದು ಈ ಕ್ಷಣ ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕಲು ಅವನು ತಯಾರಿದ್ದ. ಆದರೂ ಹುಟ್ಟುಗುಣ ಬಿಡಬೇಕಲ್ಲ.

"ಆದರೂ ಸಾಹೇಬರೇ, ಈಗಿನವರ ತೂಕ..."

"ತೂಕ ಪೆಟ್ಟಿಗೆಗೆ ನೋಡು, ಮನುಷ್ಯನಿಗಲ್ಲ," ಎಂದು ಸಾಹೇಬರು ನಕ್ಕರು. ಗುರುವನೂ ನಕ್ಕ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ನಗು ನಿಂತ ಮೇಲೆ ಅವರು ದನಿ ತಗ್ಗಿಸಿದರು. "ಹೈತಮನೂ ಅದನ್ನು ಕೇಳಿದ. ನನ್ನಪ್ಪನ ಬಗ್ಗೆ ಹೀಗೆ ಮಾತಾಡುತ್ತಾನಾ, ಅವನನ್ನು ಇವತ್ತೇ ಕಳಿಸಿಬಿಡುತ್ತೇನೆ ಎಂದು ಹಾರಾಡಿದ. ಬೇಡ ಅಂದೆ. ನಿನ್ನ ವೀಸಾ ನಾನು ನೋಡಿಕೊಳ್ಳುತ್ತೇನೆ, ಚಿಂತೆ ಬಿಡು."

"ಬೇಕಾದರೆ ಈಗಲೇ ಹೋಗಿ ಅವರಿಗೆ ಎಲ್ಲ ಬಿಡಿಸಿ ಹೇಳುತ್ತೇನೆ," ಎಂದು ಗುರುವ ಎದ್ದೇಬಿಟ್ಟ.

ಸಾಹೇಬರು ಕೈ ಚಾಚಿ ಅವನನ್ನು ತಡೆದರು. "ಹಾರಾಡಿದ ಮೇಲೆ ಹೈತಮ್ ಹೊರಗೆ ಹೋಗಲಿಲ್ಲ. ನೀನು ಕೂತಿದ್ದ ಆ ಕುರ್ಚಿಯಲ್ಲೇ ಕೂತ. ಸೊಹಾರಿನ ಪೆಟ್ಟಿಗೆ ಆರ್ಡರಿಗೆ ಯಾವ ಕಾಗದ ಹಾಕೋಣ ಬಾಬಾ ಅಂತ ಕೇಳಿದ. ಎಲ್ಲ ವಹಿಸಿಕೊಂಡ ಮೇಲೆ ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು."

ಸಾಹೇಬರೇ ಒಂದು ಖರ್ಜೂರ ಆರಿಸಿ ಗುರುವನ ಕೈಗಿಟ್ಟರು.

"ಯಲ್ಲಾ, ಕೆಲಸಕ್ಕೆ ಹೋಗು. ಅದು ಯಾವ ಅಲಿ ಅಂತ ಮಾತ್ರ ಅವನಿಗೆ ಹೇಳಬೇಡ."