ಹಳೆಯ ಅಳತೆ

ಪರದೆಯ ಮೇಲೆ ಸೊನ್ನೆ ಇದ್ದ ಜಾಗದಲ್ಲಿ ಈಗ ನಾನೂರು ಎಂದಿತ್ತು. ಅಂಕಿಯ ಮೇಲಿಟ್ಟ ಬೆರಳನ್ನು ಅವಳು ತೆಗೆಯಲೇ ಇಲ್ಲ.

ಅವಳ ಭಾವ ಕೆಲಸ ಮಾಡುವ ಶೀತಲಗೃಹದಲ್ಲಿ ಅಮೋನಿಯಾ ಅನಿಲದ ಸೋರಿಕೆಯ ಮೇಲೆ ಕಣ್ಣಿಡುವ ಕಂಪ್ಯೂಟರ್ ಬೆಳಿಗ್ಗೆ ಗಂಟೆ ಬಾರಿಸಿ, ಮರುಕ್ಷಣವೇ ಕೆಟ್ಟು ನಿಂತಿತ್ತು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿದ್ದರು. ನಿಲ್ಲುವ ಮುನ್ನ ಕಂಪ್ಯೂಟರಿನ ನೆನಪಿನಲ್ಲಿದ್ದುದೆಲ್ಲ ಒಂದು ಫೈಲಿನಲ್ಲಿ ಉಳಿದಿತ್ತು; ಅದನ್ನು ಓದಿ ಕಾರಣ ಹೇಳುವುದು ಅವಳ ಕೆಲಸ. "ಗ್ಯಾಸ್ ಸೊನ್ನೆ ಇದೆ. ಕಂಪ್ಯೂಟರಿಂದೇ ತಪ್ಪು, ಎಲ್ರೂ ಒಳಗೆ ಹೋಗ್ಲಿ," ಎಂದು ಭಾವನಿಗೆ ಫೋನಿನಲ್ಲಿ ಹೇಳಿ ಅವಳು ಊಟಕ್ಕೆ ಎದ್ದಿದ್ದಳು.

ಊಟ ಮಾಡಿ ಬಂದಮೇಲೂ ಮನಸ್ಸು ತಡೆಯದೆ ಫೈಲನ್ನು ಮತ್ತೆ ತೆರೆದಾಗ ಹೊಳೆಯಿತು. ಕಂಪ್ಯೂಟರ್ ಹೊಸದಾದರೂ ಅನಿಲ ಅಳೆಯುವ ಪ್ರೋಗ್ರಾಂ ಹಳೆಯ ಕಾಲದ್ದು; ಅದು ಅಂಕಿಗಳನ್ನು ಕಂಪ್ಯೂಟರಿನ ನೆನಪಿನಲ್ಲಿ ಚಿಕ್ಕ ಮನೆಗಳಲ್ಲಿ ಬರೆದಿಡುತ್ತದೆ. ಅವಳು ಹೊಸ ಕಾಲದ ದೊಡ್ಡ ಮನೆಗಳ ಲೆಕ್ಕ ಹಿಡಿದು, ಯಾವುದೋ ಖಾಲಿ ಮನೆಯನ್ನು ಓದಿಬಿಟ್ಟಿದ್ದಳು. ಸರಿಯಾದ ಮನೆಯಲ್ಲಿದ್ದ ಅನಿಲದ ಅಳತೆ ನಾನೂರು, ಜೀವಕ್ಕೇ ಅಪಾಯವಾಗುವಷ್ಟು.

ಭಾವನ ಫೋನ್ ಎತ್ತಿದ್ದು ಗೇಟಿನ ಕಾವಲುಗಾರ. "ಒಳಗೆ ಫೋನ್ ಬಿಡಲ್ಲ ಅಂತ ನನ್ ಹತ್ರ ಕೊಟ್ಟು ಹೋದ್ರು ಮೇಡಂ."

"ಎಲ್ಲರನ್ನೂ ಹೊರಗೆ ಕರೀರಿ, ಈಗ್ಲೇ. ಒಳಗೆ ಗ್ಯಾಸ್ ಇದೆ."

"ಏನಿಲ್ಲ ಅಂತ ನೀವೇ ಹೇಳಿದ್ರಂತಲ್ಲ? 'ನನ್ನ ನಾದಿನಿನೇ ಹೇಳಿದ ಮೇಲೆ ಇನ್ನೇನು' ಅಂತ ನಿಮ್ಮ ಭಾವನೇ ಎಲ್ಲರಿಗಿಂತ ಮುಂಚೆ ಹೋದ್ರು."

ಅವಳು ಬಾಯಿ ತೆರೆಯುವ ಮೊದಲೇ ಅವನು ಕೆಮ್ಮತೊಡಗಿದ.

"ಒಂದ್ನಿಮಿಷ ಇರಿ ಮೇಡಂ. ಯಾಕೋ ಇಲ್ಲೂ ಕಣ್ಣು ಉರೀತಿದೆ."