ಕೇದಾರನಿಗಾಗಿ ಹೊತ್ತು ತಂದ ಚಟ್ಟ

ಗೆಳೆಯರೇ, ಕೈಯಲ್ಲಿ ಕಾಫಿ ಲೋಟ ಇದ್ದರೆ ಮೊದಲು ಕೆಳಗಿಡಿ... ಇದನ್ನು ಓದುವಾಗ ಗಂಟಲಲ್ಲಿ ಏನೂ ಇಳಿಯುವುದಿಲ್ಲ.

ಟಿವಿ, ಮೊಬೈಲು ಇಲ್ಲದ ಕಾಲ. ಮೈಸೂರಿನಲ್ಲಿ ತಿರುಮಲಯ್ಯ ಅಂತ ಒಬ್ಬ ಲೇಖಕರಿದ್ದರು.

ಅವರು ಬೀದಿಯಲ್ಲಿ ಹೋದರೆ ಒಂದು ನಾಯಿಯೂ ತಿರುಗಿ ನೋಡುತ್ತಿರಲಿಲ್ಲ ಬಿಡಿ... ಆದರೆ ಅವರು ವಾರವಾರ ಬರೆಯುತ್ತಿದ್ದ ಪತ್ತೇದಾರ ಕೇದಾರನನ್ನು ಅರಿಯದ ಮನೆಯೇ ಇರಲಿಲ್ಲ!

ಉದ್ದ ಕೋಟು, ಕಂಕುಳಲ್ಲಿ ಕೊಡೆ, ಬಾಯಲ್ಲಿ ಏಲಕ್ಕಿ. ಕೇದಾರ ಕಣ್ಣು ಕಿರಿದು ಮಾಡಿದರೆ ಸಾಕು, ಎಂಥ ಕೊಲೆಗಾರನೂ ಗೊಳೋ ಅಂತ ಅತ್ತು ಕಾಲಿಗೆ ಬೀಳುತ್ತಿದ್ದ.

ಗುರುವಾರ ಪತ್ರಿಕೆ ಬಂದರೆ ಕಟಿಂಗ್ ಶಾಪಿನಲ್ಲಿ ಒಬ್ಬ ಗಟ್ಟಿಯಾಗಿ ಓದುವುದು... ಮುಖಕ್ಕೆ ಸೋಪು ಹಚ್ಚಿಸಿಕೊಂಡವರೂ ಕತ್ತು ತಿರುಗಿಸಿ ಕೇಳುವುದು... ಅಂಥ ಹುಚ್ಚು!

ಟೈಲರ್ ಮರಿಸ್ವಾಮಿಯಂತೂ ‘ಕೇದಾರ ಅಭಿಮಾನಿ ಬಳಗ’ ಕಟ್ಟಿ, ಬಳಗದವರಿಗೆಲ್ಲ ಅಂಥದೇ ಕೋಟು ಹೊಲಿದು ಕೊಟ್ಟಿದ್ದ. ಏಪ್ರಿಲ್ ಬಿಸಿಲಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ ಪುಣ್ಯಾತ್ಮರು!

ಇತ್ತ ತಿರುಮಲಯ್ಯನವರ ಹೆಂಡತಿ ಕಮಲಾಕ್ಷಮ್ಮ ಹಾಸಿಗೆ ಹಿಡಿದಿದ್ದರು. ಗಂಟಲ ಕ್ಯಾನ್ಸರ್.

ಮಕ್ಕಳಿಲ್ಲ... ಹೇಳಿಕೊಳ್ಳುವಂಥ ನೆಂಟರಿಲ್ಲ... ಇವರಿಗೆ ಅವರು, ಅವರಿಗೆ ಇವರು.

“ಇನ್ನು ಸ್ವಲ್ಪ ದಿನಕ್ಕೆ ದನಿ ಪೂರ್ತಿ ಹೋಗುತ್ತೆ. ಏನಾದ್ರೂ ಮಾತಾಡೋದಿದ್ರೆ ಈಗ್ಲೇ ಮಾತಾಡ್ಕೊಳ್ಳಿ” ಅಂದುಬಿಟ್ಟರು ಡಾಕ್ಟರು.

ತಿರುಮಲಯ್ಯ ಪತ್ರಿಕೆ ಆಫೀಸಿಗೆ ಓಡಿದರು. “ಸಾರ್, ಸ್ವಲ್ಪ ದಿನ ಕೇದಾರನಿಗೆ ರಜೆ ಕೊಡಿ... ನಾನು ಮನೇಲಿ ಅವಳ ಹತ್ರ ಇರ್ಬೇಕು.”

ಸಂಪಾದಕರು ನಕ್ಕರು. “ಕಾಯಿಲೆ ನಿಮ್ ಹೆಂಡ್ತಿಗೆ ತಾನೇ... ಕೇದಾರನಿಗಲ್ವಲ್ಲ! ಅವನು ಬದುಕಿರೋವರ್ಗೂ ನೀವು ಬರೀಲೇಬೇಕು ಕಣ್ರೀ.”

ಅವನು ಬದುಕಿರುವವರೆಗೂ... ಅಷ್ಟೇ ತಾನೇ?

ತಿರುಮಲಯ್ಯ ಅಲ್ಲೇ ಬರೆಯಲು ಕುಳಿತರು. ಕೇದಾರನ ಎದೆಗೆ ಗುಂಡು ಹೊಡೆಸಿ, ಹಾಳೆಗಳನ್ನು ಮೇಜಿನ ಮೇಲಿಟ್ಟು, ಹಿಂತಿರುಗಿ ನೋಡದೆ ಮನೆಗೆ ಬಂದರು.

ಹೆಂಡತಿಯ ಕೈ ಹಿಡಿದು, “ಇನ್ನು ನಾನು ಎಲ್ಲಿಗೂ ಹೋಗಲ್ಲ ಕಣೇ. ನೀನು ಹೇಳು, ನಾನು ಕೇಳ್ತೀನಿ” ಅಂದರು.

“ಮದುವೆ ಆದಾಗಿಂದ ಈ ಒಂದು ಮಾತಿಗೆ ಕಾಯ್ತಿದ್ದೆ ಕಣ್ರೀ...” ಅಂದರು ಆಕೆ. ಕಿವಿಯನ್ನು ಬಾಯಿಯ ಹತ್ತಿರ ಒಯ್ದರೆ ಮಾತ್ರ ಕೇಳುವಷ್ಟು ಸಣ್ಣ ದನಿ.

ಗುರುವಾರ ಬಂತು. ಪತ್ರಿಕೆ ಬಂತು. ಊರಿಗೆ ಬೆಂಕಿ ಬಿದ್ದ ಹಾಗಾಯಿತು!

“ಕೇದಾರನ್ನ ಕೊಲ್ಲೋಕೆ ಅವನ್ಯಾವನು?” ಅಂತ ಮರಿಸ್ವಾಮಿ ಅಂಗಡಿಗೆ ಬೀಗ ಹಾಕಿದ. ಬಳಗದವರೆಲ್ಲ ಸೇರಿ ಅಣಕು ಶವಯಾತ್ರೆ ಹೊರಡಿಸಿದರು.

ನಿಜವಾದ ಬಿದಿರಿನ ಚಟ್ಟ... ಅದರ ಮೇಲೆ ಹುಲ್ಲು ತುಂಬಿದ ತಿರುಮಲಯ್ಯನವರ ಬೊಂಬೆ, ಅದಕ್ಕೊಂದು ಮುರುಕು ಕನ್ನಡಕ... ಮುಂದೆ ತಮಟೆ!

“ಕೊಲೆಗಾರ ತಿರುಮಲಯ್ಯಂಗೆ ಧಿಕ್ಕಾರ!” ಅಂತ ಬಾಯಿ ಬಡಿದುಕೊಳ್ಳುತ್ತಾ ಸೀದಾ ಅವರ ಮನೆ ಬಾಗಿಲಿಗೇ ಬಂದು ನಿಂತರು.

ಒಳಗೆ ಕಮಲಾಕ್ಷಮ್ಮ ಬೆಳಿಗ್ಗೆಯಿಂದ ಮೇಲುಸಿರು ಬಿಡುತ್ತಿದ್ದರು. ಗಂಡನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದರು... ತಮಟೆಯ ಸದ್ದಿನಲ್ಲಿ ಏನೂ ಕೇಳಲಿಲ್ಲ.

ತಿರುಮಲಯ್ಯ ಹೊರಗೆ ಓಡಿ ಬಂದು ಕೈ ಮುಗಿದರು. “ಒಳಗೆ ನನ್ ಹೆಂಡ್ತಿ ಸಾಯ್ತಿದಾಳೆ ಕಣ್ರಪ್ಪಾ... ಏನೋ ಹೇಳ್ತಿದಾಳೆ... ಒಂದೈದು ನಿಮಿಷ ತಮಟೆ ನಿಲ್ಸಿ, ನಿಮ್ ದಮ್ಮಯ್ಯ!”

ಮರಿಸ್ವಾಮಿ ಕಣ್ಣು ಕಿರಿದು ಮಾಡಿದ... ಥೇಟ್ ಕೇದಾರನ ಹಾಗೆ!

“ನೋಡ್ರೋ ನಾಟ್ಕ! ಸಿಕ್ಕಿಬಿದ್ದ ಕೊಲೆಗಾರ್ರೆಲ್ಲ ಹಿಂಗೇ ಅಳೋದು. ಕೇದಾರನ ಕಥೆ ಓದಿದೋರು ಕಣಯ್ಯಾ ನಾವು... ಕಣ್ಣೀರು ನಂಬಲ್ಲ! ಬಾರ್ಸ್ರೋ ಇನ್ನೂ ಜೋರಾಗಿ!”

ಎಲ್ಲರೂ ಹೋ ಎಂದು ನಕ್ಕರು.

ತಿರುಮಲಯ್ಯ ಮತ್ತೆ ಒಳಗೆ ಓಡಿದರು. ಹೆಂಡತಿಯ ತುಟಿಗೆ ಕಿವಿ ಒತ್ತಿ ಹಿಡಿದರು. ತುಟಿ ಅಲುಗಿತು... ಮತ್ತೆ ಅಲುಗಿತು... ಬಿಸಿಯುಸಿರು ತಾಕಿತೇ ಹೊರತು ಮಾತು ಕೇಳಲಿಲ್ಲ.

ಆಮೇಲೆ ಉಸಿರೂ ನಿಂತಿತು.

ಸ್ವಲ್ಪ ಹೊತ್ತಿಗೆ ತಿರುಮಲಯ್ಯ ಬಾಗಿಲಿಗೆ ಬಂದರು. ಈಗ ಅವರ ಕಣ್ಣಲ್ಲಿ ನೀರಿರಲಿಲ್ಲ.

“ಹೋದ್ಲು... ಇನ್ನು ಎಷ್ಟು ಬೇಕಾದ್ರೂ ಬಾರ್ಸಿ. ಆ ಚಟ್ಟದ ಮೇಲಿರೋ ನನ್ನ ಇಳ್ಸಿ. ಅವಳನ್ನ ಮಲಗಿಸ್ಬೇಕು... ಹೊರೋಕೆ ನಂಗೆ ಬೇರೆ ಯಾರೂ ಇಲ್ಲ.”

ತಮಟೆಯವನ ಕೈ ಅಲ್ಲೇ ನಿಂತಿತು.

ಬೊಂಬೆಯನ್ನು ಮೋರಿ ಪಕ್ಕಕ್ಕೆ ಎಸೆದರು. ಬೈಯಲು ಬಂದವರೇ ಹೆಗಲು ಕೊಟ್ಟರು. ಮರಿಸ್ವಾಮಿ ದಾರಿಯುದ್ದಕ್ಕೂ “ತಪ್ಪಾಯ್ತು ತಾಯೀ...” ಅಂತ ಬಿಕ್ಕಿ ಬಿಕ್ಕಿ ಅತ್ತ. ಅವನ ಅಳು ಸುಳ್ಳಲ್ಲ... ನಿಜವಾಗಿಯೂ ಅತ್ತ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ? ಮುಗಿಯಲಿಲ್ಲ...

ಚಿತೆಗೆ ಬೆಂಕಿ ಇಟ್ಟು ತಿರುಮಲಯ್ಯ ಒಂದು ಕಲ್ಲಿನ ಮೇಲೆ ಕುಳಿತರು. ಮರಿಸ್ವಾಮಿ ಕಣ್ಣು ಒರೆಸಿಕೊಂಡು ಮೆಲ್ಲಗೆ ಹತ್ತಿರ ಬಂದ.

“ಸಾರ್... ಇಂಥ ಹೊತ್ನಲ್ಲಿ ಕೇಳ್ಬಾರ್ದು... ಆದ್ರೂ... ಕೇದಾರ ನಿಜವಾಗ್ಲೂ ಸತ್ನಾ ಸಾರ್?”

ತಿರುಮಲಯ್ಯ ಅವನ ಮುಖವನ್ನೇ ನೋಡಿದರು.

“ಇಲ್ಲಪ್ಪ. ಬರ್ತಾನೆ... ಅವನೊಬ್ಬನನ್ನ ಬದುಕ್ಸೋದು ನನ್ ಕೈಲಿದೆ. ಇನ್ನು ಮನೇಲಿ ತಾನೇ ನಂಗೇನು ಕೆಲ್ಸ?”

ಮರಿಸ್ವಾಮಿ ಓಡಿ ಹೋಗಿ ಬಳಗದವರಿಗೆ ಸುದ್ದಿ ಹೇಳಿದ. ಅಲ್ಲೇ... ಆ ಸ್ಮಶಾನದಲ್ಲೇ... ಯಾರೋ ಸಿಳ್ಳೆ ಹೊಡೆದರು. ಆಮೇಲೆ ಚಪ್ಪಾಳೆ.

ಚಿತೆ ಇನ್ನೂ ಸರಿಯಾಗಿ ಹತ್ತಿಕೊಂಡಿರಲಿಲ್ಲ.

ಕೇದಾರ ಇವತ್ತಿಗೂ ಬದುಕಿದ್ದಾನೆ. ಅವನ ಹುಟ್ಟುಹಬ್ಬಕ್ಕೆ ಜನ ಕೇಕ್ ಕತ್ತರಿಸುತ್ತಾರೆ, ಕೋಟು ಹಾಕಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ತಿರುಮಲಯ್ಯ ಮಾತ್ರ ಕೊನೆಯವರೆಗೂ ಎದುರಿಗೆ ಸಿಕ್ಕವರನ್ನೆಲ್ಲ ಒಂದೇ ಕೇಳುತ್ತಿದ್ದರಂತೆ... “ನೀರು ಅಂದ್ಲೋ... ‘ರೀ’ ಅಂತ ಕರೆದ್ಲೋ... ನಿಮಗೇನಾದ್ರೂ ಕೇಳಿಸ್ತಾ?”

*ಹೋದವರಿಗೆ ಹೆಗಲು ಕೊಡಲು ಊರೇ ಬರುತ್ತದೆ... ಇರುವವರ ಮಾತು ಕೇಳಲು ಒಂದು ಗಳಿಗೆ ಸುಮ್ಮನಿರುವವರೇ ಇಲ್ಲ.*

ಇವತ್ತು ನಿಮ್ಮ ಗದ್ದಲದಲ್ಲಿ ಯಾರ ದನಿ ಮುಳುಗಿ ಹೋಗುತ್ತಿದೆ... ಒಮ್ಮೆ ಯೋಚಿಸಿದ್ದೀರಾ?